ಮೆರಿಕ್ ಮೂವತ್ತು

ಮುಕ್ಕಾಲು ಇಂಚಿನ ಒಂದು ರಿಲೀಫ್ ವಾಲ್ವಿಗೆ ನಲವತ್ತೆಂಟು ಡಾಲರ್. ಅದನ್ನು ಮನೆ ಬೆಚ್ಚಗಿಡುವ ಬಾಯ್ಲರಿಗೆ ಕೂರಿಸುವ ಕೂಲಿ ನೂರಹತ್ತು. ತಿರುಪಿಗೆ ಸುತ್ತುವ ಬಿಳಿ ಟೇಪಿಗೆ ದುಡ್ಡು ಹಾಕುವ ಪದ್ಧತಿ ಬಾಯ್ಲರ್ ರಿಪೇರಿಯ ಎಮಿಲ್ ಡುಬಿಕ್‌ಗೆ ಇರಲಿಲ್ಲ. ಇನ್ನು ರಿಲೀಫ್ ಪಿಚರ್, ಅಂದರೆ ಆಟದ ಕೊನೆಗೆ ಮೊದಲಿನ ಎಸೆತಗಾರನ ತೋಳು ಸೋತಾಗ ಬಂದು ಕೈಯಲ್ಲಿರುವ ಗೆಲುವನ್ನು ಕಾಯಬೇಕಾದವನು. ಅಂಥವನೊಬ್ಬನಿಗೆ ಆ ಚಳಿಗಾಲದ ಪೇಟೆಯಲ್ಲಿ ಎರಡು ವರ್ಷಕ್ಕೆ ಎರಡು ಮಿಲಿಯನ್ ಡಾಲರಿನಿಂದ ಹದಿನೆಂಟು ಮಿಲಿಯನ್‌ವರೆಗೆ ಬೆಲೆಯಿತ್ತು. ಎರಡರ ಕೆಲಸವೂ ಒಂದೇ: ಒತ್ತಡ ಏರಿದಾಗ ಮನೆ ಹಾರಿಹೋಗದಂತೆ ನೋಡಿಕೊಳ್ಳುವುದು. ಎಮಿಲ್‌ಗೆ ಗೊತ್ತಿದ್ದದ್ದು ನಲವತ್ತೆಂಟು ಡಾಲರಿನದು ಮಾತ್ರ. ಆದರೆ ಜನವರಿಯ ಎರಡನೇ ವಾರದಲ್ಲಿ ನಾಲ್ಕು ದಿನ, ಪೋರ್ಟ್ ಆರ್ಡನ್ ಊರಿಗೆ ಊರೇ ಅವನಿಗೆ ಇನ್ನೊಂದರ ಒಳಗುಟ್ಟೂ ಗೊತ್ತು ಎಂದು ನಂಬಿತ್ತು.

ಪೋರ್ಟ್ ಆರ್ಡನ್ ಸರೋವರದ ದಂಡೆಯ ಊರು. ಅದರ ಬೇಸ್‌ಬಾಲ್ ತಂಡದ ಹೆಸರು ಡ್ರೆಜರ್ಸ್, ಅಂದರೆ ಹೂಳೆತ್ತುವವರು. ಆರು ವರ್ಷದಿಂದ ತಂಡ ತಾನೇ ಹೂಳಿನಲ್ಲಿ ಕೂತಿತ್ತು. ಹಿಂದಿನ ಬೇಸಿಗೆಯಲ್ಲಿ ಎಂಟನೇ ಇನಿಂಗ್ಸ್‌ವರೆಗೆ ಮುಂದಿದ್ದು ಕೊನೆಯದಾದ ಒಂಬತ್ತನೆಯದರಲ್ಲಿ ಕೈಬಿಟ್ಟ ಆಟಗಳೇ ಮೂವತ್ತೊಂದು. ಚಳಿಗಾಲದಲ್ಲಿ ಆಟ ಇರುವುದಿಲ್ಲ, ಹಾಗಾಗಿ ಸೋಲೂ ಇರುವುದಿಲ್ಲ. ಇದರಿಂದ ಹೊತ್ತು ಹೋಗದ ಜನ, ಮುಂದಿನ ವರ್ಷದ ಸೋಲನ್ನು ಯಾರ ಕೈಗೆ ಒಪ್ಪಿಸಬೇಕು ಎಂದು ಡಾಟ್‌ಳ ಹೋಟೆಲಿನಲ್ಲಿ ಕೂತು ಚರ್ಚಿಸುತ್ತಿದ್ದರು.

ಕಿಟಕಿ ಪಕ್ಕದ ಮೇಜು ಮೂವರದು. ಒಬ್ಬ ಗಸ್ ಪೆಟ್ರಾಶ್. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾದವನು, ಎಮಿಲ್‌ನ ಹೆಂಡತಿಯ ಅಣ್ಣ. ಕ್ರೇನಿನ ಮೇಲಿಂದ ಕೆಳಗಿನವರಿಗೆ ಕೂಗಿ ಕೂಗಿ ಅಭ್ಯಾಸವಾಗಿದ್ದ ಅವನಿಗೆ ಮೆಲ್ಲಗೆ ಮಾತಾಡುವುದು ಮರೆತುಹೋಗಿತ್ತು. ಇನ್ನೊಬ್ಬಳು ಬೆವರ್ಲಿ ಓಕ್ಸ್. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದಳು. ಊರಿನ ಅರ್ಧ ಜನ ಅವಳ ಕೈಯಲ್ಲಿ ಫೇಲಾದವರು. ಮೂರನೆಯವನು ಎಮಿಲ್. ಐವತ್ತೊಂಬತ್ತು ವರ್ಷ, ಎರಡೂ ಮಂಡಿ ಸವೆದಿದ್ದವು. ಮೂವರಲ್ಲಿ ಅವನೊಬ್ಬನೇ ಇನ್ನೂ ಕೆಲಸದಲ್ಲಿದ್ದದ್ದು. ಮೇಜಿನಲ್ಲಿ ಅವನ ಕೆಲಸ ಕೆಚಪ್ ಬಾಟಲಿಯ ಪಕ್ಕ ಕೂರುವುದು.

ಸೋಮವಾರ ಬೆಳಿಗ್ಗೆಯ ಚರ್ಚೆ ಡಾರಿಯಸ್ ಕ್ವಿಲ್ ಎಂಬ ಹದಿನೆಂಟು ಮಿಲಿಯನ್ನಿನ ಪಿಚರ್‌ನದು.

"ಮೂವತ್ತೆಂಟು ಸೇವ್," ಎಂದ ಗಸ್. "ಮೂವತ್ತೆಂಟು ಆಟ ಉಳಿಸಿ ಕೊಟ್ಟಿದಾನೆ. ಬಂದ, ಬೀಗ ಹಾಕಿದ, ಹೋದ. ಇನ್ನೇನು ಬೇಕು ನಿಂಗೆ?"

"ಬೀಗ ಹಾಕೋಕೆ ಮುಂಚೆ ಎಷ್ಟು ಜನಾನ ಒಳಗೆ ಬಿಟ್ಕೊಂಡ, ಅದನ್ನ ಹೇಳು," ಎಂದಳು ಬೆವರ್ಲಿ. "ನೂರು ಜನ ಬ್ಯಾಟ್ ಹಿಡ್ಕೊಂಡು ಬಂದ್ರೆ, ಅಡ್ಡಾದಿಡ್ಡಿ ಎಸೆದು ಹದಿನಾಲ್ಕು ಜನಕ್ಕೆ ಪುಕ್ಕಟೆ ಬೇಸು. ಇವನೇನು ಪಿಚರ್ರಾ, ಧರ್ಮಛತ್ರಾನಾ?"

"ಕಾಗದದ ಮೇಲೆ ಗೆದ್ದೋರಿಗೆ ಯಾರೂ ಮೆರವಣಿಗೆ ಮಾಡಿಲ್ಲ ಬೆವರ್ಲಿ."

"ನಿನ್ನ ಸೇವ್ ಕೂಡ ಕಾಗದದ ಲೆಕ್ಕಾನೇ ಗಸ್. ಒಂದನೇ ಕ್ಲಾಸಿನ ಲೆಕ್ಕ. ಮೂರು ರನ್ ಮುಂದಿರೋವಾಗ ಬಂದು, ಎರಡು ಕೊಟ್ಟು, ಬೆವರು ಒರೆಸ್ಕೊಂಡು ಹೋದ್ರೂ ಅದಕ್ಕೆ ಸೇವ್ ಅಂತಾರೆ. ನನ್ನ ಹೃದಯ ಉಳಿಸಿದ್ದಕ್ಕೆ ಲೆಕ್ಕ ಇದ್ಯಾ?"

"ನಂಗನ್ಸತ್ತೆ," ಎಂದ ಎಮಿಲ್, "ಅವನು ಬುಲ್‌ಪೆನ್ನಿಂದ ನಡ್ಕೊಂಡು ಬರೋವಾಗ್ಲೇ ನೋಡ್ಬೇಕು, ಅವನ ಉಸಿರು..."

"ಎಮಿಲ್, ಆ ಕೆಚಪ್ ಈ ಕಡೆ ತಳ್ಳು," ಎಂದ ಗಸ್.

ಎಮಿಲ್ ತಳ್ಳಿದ. ಬುಲ್‌ಪೆನ್ ಅಂದರೆ ರಿಲೀಫ್ ಪಿಚರ್‌ಗಳು ತೋಳು ಬಿಸಿ ಮಾಡಿಕೊಂಡು ಕಾಯುವ, ಮೈದಾನದ ಅಂಚಿನ ಜಾಗ. ಹನ್ನೊಂದು ವರ್ಷದಿಂದ ಅವನು ಈ ವಾಕ್ಯವನ್ನು ಶುರುಮಾಡುತ್ತಿದ್ದ. ಉಸಿರು ಏನಾಗಬೇಕು ಎಂಬುದು ಇವತ್ತಿನವರೆಗೂ ಆ ಮೇಜಿಗೆ ತಿಳಿದಿರಲಿಲ್ಲ.

ಆಗ ಅವನ ಫೋನು ಬಡಿದುಕೊಂಡಿತು. ಪೈಪು ಸಾಮಾನಿನ ಅಂಗಡಿಯ ರೇ. ಬೆಳಿಗ್ಗೆ ಏಳಕ್ಕೇ ಎಮಿಲ್ ಪ್ರೆಸ್ಟನ್ ಹೇಲ್ ಅವರ ಮನೆಯ ನೆಲಮಾಳಿಗೆಯಲ್ಲಿ ಬಾಯ್ಲರ್ ನೋಡಿ ಬಂದಿದ್ದ. ಹೇಲ್ ಅಂದರೆ ಡ್ರೆಜರ್ಸ್ ತಂಡದ ಜನರಲ್ ಮ್ಯಾನೇಜರ್, ಯಾರನ್ನು ಕೊಳ್ಳಬೇಕು ಯಾರನ್ನು ಮಾರಬೇಕು ಎಂದು ತೀರ್ಮಾನಿಸುವ ಮನುಷ್ಯ. ರೇಯ ಅಂಗಡಿಯಲ್ಲಿ ಪೈಪು ಕೊಯ್ಯುವ ಗದ್ದಲ. ಹಾಗಾಗಿ ಎಮಿಲ್ ಕೂಗಿ ಮಾತಾಡಬೇಕಾಯಿತು.

"ಹೂಂ ರೇ, ಹೇಲ್ ಅವರದ್ದೇ. ಹಳೇ ರಿಲೀಫ್ ಮುಗೀತು. ಒತ್ತಡ ತಡ್ಕೊಳ್ಳೋ ಶಕ್ತಿ ಇಲ್ಲ, ಸ್ವಲ್ಪ ಏರಿದ್ರೆ ಬಿಟ್ಕೊಡೋದೇ. ಇಲ್ಲ, ರಿಪೇರಿ ಮಾಡಿ ಪ್ರಯೋಜನ ಇಲ್ಲ, ಬಿಸಾಕೋದೇ. ಮೆರಿಕ್ ತರ್ಸು. ಹೌದು, ಮೆರಿಕ್. ಮೂವತ್ತು. ಗುರುವಾರ ಬಂದ್ರೆ ಸಾಕು. ಹೇಲ್ ಒಪ್ಪಿದಾರೆ, ಸಹಿ ಕೂಡ ಆಗಿದೆ."

ಮೆರಿಕ್ ಎಂಬುದು ವಾಲ್ವು ತಯಾರಿಸುವ ಕಂಪನಿಯ ಹೆಸರು. ಮೂವತ್ತು ಎಂಬುದು ಎಷ್ಟು ಪೌಂಡು ಒತ್ತಡಕ್ಕೆ ಅದು ಬಾಯಿ ತೆರೆಯಬೇಕು ಎಂಬ ಅಳತೆ. ಸಹಿ ಹಾಕಿದ್ದು ಅಂದಾಜು ಪಟ್ಟಿಗೆ, ಹೇಲ್ ಅವರ ಹೆಂಡತಿ. ಇದನ್ನೆಲ್ಲ ಎಮಿಲ್ ಹೇಳಲಿಲ್ಲ, ಏಕೆಂದರೆ ರೇಗೆ ಗೊತ್ತಿತ್ತು.

ಫೋನು ಜೇಬಿಗೆ ಹಾಕಿ ತಲೆಯೆತ್ತಿದಾಗ ಹೋಟೆಲಿನಲ್ಲಿ ಮೊಟ್ಟೆ ಹುರಿಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಒಬ್ಬ ಮುದುಕ ಚಮಚವನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಕೂತುಬಿಟ್ಟಿದ್ದ.

"ಹೇಲ್ ಅಂದ್ರೆ," ಎಂದ ಗಸ್, ಜೀವನದಲ್ಲಿ ಮೊದಲ ಸಲ ಮೆಲ್ಲಗೆ, "ಬೆಟ್ಟದ ರಸ್ತೆ ಹೇಲ್?"

"ಅವರೇ. ಬೆಳಿಗ್ಗೆ ಅಲ್ಲೇ ಇದ್ದೆ."

"ಹಳೇದು ಬಿಸಾಕೋಣ ಅಂತ ಅವರೇ ಅಂದ್ರಾ?"

"ನಾನು ಹೇಳ್ದೆ. ಅವರು, ನೀವು ಹೇಳಿದ ಹಾಗೇ ಆಗ್ಲಿ ಎಮಿಲ್ ಅಂದ್ರು."

"ನಿನ್ನ ಮಾತು ಕೇಳಿದ್ರು."

"ಮತ್ಯಾರ ಮಾತು ಕೇಳ್ತಾರೆ? ಹದಿನಾರು ವರ್ಷದಿಂದ ನಾನೇ ತಾನೇ ನೋಡ್ಕೊಳ್ತಿರೋದು."

ಬೆವರ್ಲಿ ಚೀಲದಿಂದ ನೋಟ್‌ಬುಕ್ ತೆಗೆದು ಪುಟ ತಿರುವುತ್ತಿದ್ದಳು. "ಮೆರಿಕ್, ಮೆರಿಕ್... ಇಲ್ಲಿದಾನೆ. ಕೋಲ್ ಮೆರಿಕ್. ಎಡಗೈ. ಅಂಗಿ ನಂಬರ್ ಮೂವತ್ತು. ಒಂದೇ ಒಂದು ಸೇವ್ ಇಲ್ಲ, ಯಾರೂ ಅವನ ಹೆಸರೇ ಕೇಳಿಲ್ಲ. ಆದ್ರೆ ನೂರು ಜನದಲ್ಲಿ ನಾಲ್ಕೇ ಜನಕ್ಕೆ ಪುಕ್ಕಟೆ ಬೇಸು." ಅವಳು ಎಮಿಲ್‌ನ ಕಡೆ, ಫೇಲು ಮಾಡಿದ ಹುಡುಗ ಡಾಕ್ಟರಾಗಿ ಬಂದರೆ ನೋಡುವಂತೆ ನೋಡಿದಳು. "ಇದು ನಿಂಗೆ ಹೆಂಗೆ ಹೊಳೀತು?"

ಭೂಮಿಯ ಮೇಲೆ ಮೆರಿಕ್ ಎಂಬ ಮನುಷ್ಯನೂ ಇದ್ದಾನೆ, ಅವನು ಪಿಚರ್, ಅವನ ಬೆನ್ನ ಮೇಲೆ ಮೂವತ್ತು ಎಂದು ಬರೆದಿದೆ ಎನ್ನುವುದು ಎಮಿಲ್‌ಗೆ ಆಗ ಗೊತ್ತಾಯಿತು. ಏನು ನಡೆಯಿತು ಎಂದು ಅರ್ಥವಾಗಲು ಅವನಿಗೆ ಇನ್ನೂ ಒಂದು ನಿಮಿಷ ಬೇಕಿತ್ತು. ಅಷ್ಟರಲ್ಲಿ ಡಾಟ್ ಬಂದು ಒಂದು ತುಂಡು ಚೆರ್ರಿ ಪೈ ಮುಂದಿಟ್ಟಳು. "ಇದು ನನ್ನ ಲೆಕ್ಕದಲ್ಲಿ, ಚಿನ್ನ," ಎಂದಳು. ಹನ್ನೊಂದು ವರ್ಷದಲ್ಲಿ ಡಾಟ್ ಯಾರಿಗೂ ಒಂದು ಸಕ್ಕರೆ ಪೊಟ್ಟಣವನ್ನೂ ತನ್ನ ಲೆಕ್ಕದಲ್ಲಿ ಕೊಟ್ಟವಳಲ್ಲ.

ಎಮಿಲ್ ಬಾಯಿ ತೆರೆದ. ಯಾರೂ ಕೆಚಪ್ ಕೇಳಲಿಲ್ಲ.

"ಒಳ್ಳೇ ರಿಲೀಫ್ ಯಾವ್ದು ಅಂತ ಹೆಂಗೆ ಗುರುತಿಸ್ತೀಯ, ಹೇಳು," ಎಂದಳು ಬೆವರ್ಲಿ, ಪೆನ್ಸಿಲ್ ಹಿಡಿದು.

ನಿಜ ಹೇಳಲು ಅದು ಸರಿಯಾದ ಸಮಯ. ಆದರೆ ಕೇಳಿದ ಪ್ರಶ್ನೆಗೆ ಅವನಿಗೆ ಉತ್ತರ ಗೊತ್ತಿತ್ತು. ಮೂವತ್ತೈದು ವರ್ಷದ ಕಸುಬು. ಗೊತ್ತಿರುವ ಉತ್ತರವನ್ನು ನುಂಗಿಕೊಳ್ಳುವುದು ಎಷ್ಟು ಕಷ್ಟ ಎಂದು ಯಾವ ಮೇಜಿನಲ್ಲೂ ಮಾತು ಮುಗಿಸಲಾಗದವನಿಗೇ ಗೊತ್ತು. ಪೈ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡು ಅವನು ವಾಲ್ವಿನ ಬಗ್ಗೆ ಹೇಳಿದ.

"ಒಳ್ಳೇ ರಿಲೀಫ್ ಇದೆ ಅಂತಾನೇ ಗೊತ್ತಾಗ್ಬಾರ್ದು. ಸುಮ್ನೆ ಕೂತಿರ್ಬೇಕು. ಒತ್ತಡ ಇಲ್ದೇ ಇರೋವಾಗ ತೊಟ್ಟಿಕ್ಕಿದ್ರೆ ಅದು ಕೆಟ್ಟಿದೆ ಅಂತ ಅರ್ಥ. ಬೇಕಾದಾಗ ಒಂದೇ ಸಲ ತೆರ್ಕೋಬೇಕು, ಕೆಲಸ ಮುಗಿದ ತಕ್ಷಣ ಮುಚ್ಕೋಬೇಕು. ಶಬ್ದ ಜಾಸ್ತಿ ಮಾಡೋದನ್ನ ನಂಬಬಾರ್ದು. ಬೆಲೆ ನೋಡಿ ತಗೋಬಾರ್ದು."

ಬೆವರ್ಲಿ ಪ್ರತಿ ಅಕ್ಷರ ಬರೆದುಕೊಂಡಳು. ಗಸ್ ಎಮಿಲ್‌ನ ಪೈಯಲ್ಲಿ ಅರ್ಧ ತಿಂದು ಮುಗಿಸಿ, "ಹನ್ನೊಂದು ವರ್ಷದಿಂದ ಇದನ್ನ ಯಾಕೆ ಹೇಳ್ಲಿಲ್ಲ ನೀನು?" ಎಂದ.

ಸಂಜೆ ಐದಕ್ಕೆ ಎಮಿಲ್ ಮನೆಯಲ್ಲಿ ಮಂಡಿಗೆ ಐಸು ಕಟ್ಟಿಕೊಂಡು ಕೂತಿದ್ದ. ಹೆಂಡತಿ ಲೊರೈನ್ ಆಲೂಗಡ್ಡೆ ಸುಲಿಯುತ್ತಿದ್ದಳು. ರೇಡಿಯೋದಲ್ಲಿ ಕೇಳುಗರು ಫೋನು ಮಾಡಿ ತಂಡವನ್ನು ಬೈಯುವ ಕಾರ್ಯಕ್ರಮ. ಗಸ್‌ನ ಧ್ವನಿ ಬಂತು. ರೇಡಿಯೋ ಇಲ್ಲದಿದ್ದರೂ ಕೇಳಿಸುತ್ತಿತ್ತು, ಅವನ ಮನೆ ಎರಡು ಬೀದಿ ಆಚೆ.

"ಸುದ್ದಿ ಗಟ್ಟಿ. ಯಾರು ಹೇಳಿದ್ದು ಅಂತ ಮಾತ್ರ ನಾನು ಬಾಯಿ ಬಿಡಲ್ಲ. ನಂಬಿಕೆ ಪ್ರಶ್ನೆ. ಒಬ್ಬ ಮನುಷ್ಯ, ಹೇಲ್ ಮನೆಗೆ ಹೋಗಿ ಬರೋನು. ಬಾಯ್ಲರ್ ಕೆಲಸ. ನನ್ನ ತಂಗಿ ಗಂಡ. ಇದಕ್ಕಿಂತ ಜಾಸ್ತಿ ಕೇಳ್ಬೇಡಿ."

ಲೊರೈನ್ ಚಾಕು ಕೆಳಗಿಟ್ಟಳು. "ನಂಗೆ ಒಬ್ಬನೇ ಅಣ್ಣ. ಅವನಿಗೆ ಒಬ್ಬಳೇ ತಂಗಿ."

ಎಮಿಲ್ ನಡೆದದ್ದನ್ನೆಲ್ಲ ಹೇಳಿದ.

"ಅಲ್ಲೇ ಹೇಳ್ಬಿಡ್ಬೇಕಿತ್ತು," ಎಂದಳು.

"ಹೇಳೋಣ ಅಂತಿದ್ದೆ. ಪೈ ಬಂತು."

"ಯಾವ ಪೈ?"

"ಚೆರ್ರಿ."

ಲೊರೈನ್ ಮತ್ತೆ ಚಾಕು ಎತ್ತಿಕೊಂಡಳು. ಚೆರ್ರಿ ಪೈಯ ಬಗ್ಗೆ ಅವಳಿಗೆ ತಕರಾರಿರಲಿಲ್ಲ. "ಶುಕ್ರವಾರ ಸ್ಟೇಡಿಯಂ ಕಾಗದ ಬರ್ಬೇಕು, ನೆನಪಿದ್ಯಲ್ಲ," ಎಂದಳು.

ನೆನಪಿಲ್ಲದೆ ಏನು. ಡ್ರೆಜರ್ಸ್ ಸ್ಟೇಡಿಯಂನ ಮೂರು ಬಾಯ್ಲರ್‌ಗಳನ್ನು ಚಳಿಗಾಲವಿಡೀ ನೋಡಿಕೊಳ್ಳುವ ಗುತ್ತಿಗೆ ಎಮಿಲ್‌ದು. ಪ್ರತಿ ಜನವರಿಯಲ್ಲಿ ಹೊಸ ಕಾಗದ ಬರುತ್ತಿತ್ತು. ಬೆಚ್ಚಗಿನ ಕೋಣೆ, ನೆಟ್ಟಗೆ ನಿಲ್ಲುವಷ್ಟು ಎತ್ತರದ ಚಾವಣಿ, ಕೂರಲು ಒಂದು ಬೆಂಚು. ಆ ಕೆಲಸ ಇದ್ದರೆ ಅವನು ಮನೆಮನೆಯ ನೆಲಮಾಳಿಗೆಯಲ್ಲಿ ಮಂಡಿಯೂರಿ ತೆವಳುವುದು ವಾರಕ್ಕೆರಡು ದಿನ. ಇಲ್ಲದಿದ್ದರೆ ಆರು ದಿನ. ಪಿಂಚಣಿಗೆ ಇನ್ನೂ ನಾಲ್ಕು ಚಳಿಗಾಲ ಬಾಕಿ. ಮಂಡಿಗಳು ಎರಡಕ್ಕಿಂತ ಹೆಚ್ಚಿಗೆ ಒಪ್ಪುವಂತೆ ಕಾಣುತ್ತಿರಲಿಲ್ಲ.

"ನಾಳೆ ಹೇಳ್ತೀನಿ," ಎಂದ ಎಮಿಲ್.

ನಾಳೆ ಎಂಬುದು ಮಂಗಳವಾರ. ಆ ದಿನ ಅವನಿಗೆ ಹೋಟೆಲಿಗೆ ಹೋಗಲಾಗಲಿಲ್ಲ, ಏಕೆಂದರೆ ಬಾಗಿಲು ತೆರೆದರೆ ಎದುರುಮನೆಯ ವಿಧವೆ ಮಿಸೆಸ್ ಟೋಬಿಯಾಸ್ ಕೈಯಲ್ಲಿ ಬಿಸಿ ಸೂಪು ಹಿಡಿದು ನಿಂತಿದ್ದಳು. ಹತ್ತು ವರ್ಷದ ಹಿಂದೆ ಎಮಿಲ್‌ನ ವ್ಯಾನು ಅವಳ ಬೇಲಿಗೆ ತಾಗಿದಾಗಿನಿಂದ ಮಾತು ಬಿಟ್ಟಿದ್ದವಳು. "ಬೇಲಿ ವಿಷಯ ಬಿಡು," ಎಂದಳು. "ಆ ಹುಡುಗ ಒಳ್ಳೇವ್ನಾ? ಚರ್ಚಿಗೆ ಹೋಗ್ತಾನಾ?"

"ನಂಗೆ ಗೊತ್ತಿಲ್ಲ ಮಿಸೆಸ್ ಟೋಬಿಯಾಸ್."

"ಹೇಳೋ ಹಾಗಿಲ್ಲ ಅಲ್ವಾ," ಎಂದು ಕಣ್ಣು ಮಿಟುಕಿಸಿ ಸೂಪು ಕೊಟ್ಟು ಹೋದಳು.

ಮಧ್ಯಾಹ್ನ ಪ್ರಾಥಮಿಕ ಶಾಲೆಯ ಬಾಯ್ಲರ್ ತಪಾಸಣೆ. ನಗರಸಭೆಯಿಂದ ಬಂದ ಇನ್‌ಸ್ಪೆಕ್ಟರ್ ಹೆಸರು ಲಿಯೊನಾರ್ಡ್ ಫಿಂಚ್. ಹಿಂದಿನ ವರ್ಷ ಒಂದು ತಿರುಪು ಸಡಿಲವಾಗಿದ್ದಕ್ಕೆ ಎಮಿಲ್‌ನನ್ನು ಮೂರು ಸಲ ಓಡಾಡಿಸಿದ್ದ ಮನುಷ್ಯ. ಈ ಸಲ ಬಾಯ್ಲರ್ ಇರುವ ಕೋಣೆಗೇ ಬರದೆ ಬಾಗಿಲಲ್ಲೇ ಸಹಿ ಹಾಕಿದ.

"ಒತ್ತಡದ ಮುಳ್ಳು ನೋಡ್ಬೇಕು ಸರ್," ಎಂದ ಎಮಿಲ್. "ನೀವು ನೋಡ್ಲೇಬೇಕು. ಒಳಗೆ ಮಕ್ಕಳಿದಾರೆ."

"ನೀವು ನೋಡಿದ್ರೆ ಸಾಕು," ಎಂದ ಫಿಂಚ್. ಆದರೂ ಒಳಗೆ ಬಂದು ನೋಡಿದ. ನೋಡುತ್ತಲೇ ದನಿ ತಗ್ಗಿಸಿದ. "ಒಂದು ಮಾತು. ಯಾರಿಗೂ ಹೇಳಲ್ಲ. ಮೆರಿಕ್‌ದು ಎಲ್ಬೋ ಹೆಂಗಿದೆ?"

ಬಾಯ್ಲರ್ ಕೋಣೆಯಲ್ಲಿ ನಿಂತು, ಬಾಯ್ಲರ್ ಇನ್‌ಸ್ಪೆಕ್ಟರ್ ಎಲ್ಬೋ ಬಗ್ಗೆ ಕೇಳಿದರೆ ಪೈಪಿನ ತಿರುವಿಗೆ ಹಾಕುವ ಎಲ್ಬೋ ಬಿಟ್ಟು ಬೇರೆ ಏನಾದರೂ ಇರಬಹುದು ಎಂದು ಯಾವ ಕಸುಬುದಾರನಿಗೂ ಹೊಳೆಯುವುದಿಲ್ಲ. ಹೇಲ್ ಮನೆಯ ವಾಲ್ವಿನಿಂದ ಕೆಳಗಿಳಿಯುವ ಪೈಪಿನ ಎಲ್ಬೋ ತುಕ್ಕು ಹಿಡಿದದ್ದು ಎಮಿಲ್‌ಗೆ ನೆನಪಾಯಿತು.

"ಎಲ್ಬೋ ಹೋಗಿದೆ ಸರ್. ಅದನ್ನ ಬಿಚ್ಚಿ ಹೊಸದು ಹಾಕ್ತೀವಿ. ಹಿತ್ತಾಳೆದು."

ಫಿಂಚ್ ಗೋಡೆ ಹಿಡಿದುಕೊಂಡ. "ಹಿತ್ತಾಳೆ."

"ಬಾಳಿಕೆ ಬರತ್ತೆ."

"ಯಾವಾಗ?"

"ಶುಕ್ರವಾರ. ಅರ್ಧ ಗಂಟೆ ಕೆಲಸ."

ಫಿಂಚ್ ಯಾರಿಗೂ ಹೇಳಲಿಲ್ಲ, ಹೆಂಡತಿಯೊಬ್ಬಳಿಗೆ ಬಿಟ್ಟು. ಅವಳು ನಗರಸಭೆಯ ಟೆಲಿಫೋನ್ ಮೇಜಿನಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಐದರ ರೇಡಿಯೋ ಕಾರ್ಯಕ್ರಮದಲ್ಲಿ ಮೂವರು ಡಾಕ್ಟರುಗಳು, ಒಬ್ಬ ದನದ ಡಾಕ್ಟರೂ ಸೇರಿ, ಮನುಷ್ಯನ ಮೊಣಕೈಗೆ ಹಿತ್ತಾಳೆ ಒಗ್ಗುತ್ತದೆಯೇ ಎಂದು ಮುಕ್ಕಾಲು ಗಂಟೆ ಚರ್ಚಿಸಿದರು. ದನದ ಡಾಕ್ಟರು ಮಾತ್ರ ಆಶಾವಾದಿಯಾಗಿದ್ದರು. ಎಮಿಲ್ ಕೇಳಿ, ರೇಡಿಯೋ ಆರಿಸಿ, ಬಹಳ ಹೊತ್ತು ಅದನ್ನೇ ನೋಡುತ್ತ ಕೂತ.

ಗುರುವಾರ ಬರಬೇಕಿದ್ದ ವಾಲ್ವು ಬುಧವಾರ ಬೆಳಿಗ್ಗೆಯೇ ಬಂತು. ರೇ ತಾನೇ ವ್ಯಾನಿನಲ್ಲಿ ತಂದುಕೊಟ್ಟ. "ನಂಗೂ ಗೊತ್ತಾಯ್ತು," ಎಂದ ರೇ. "ಅವತ್ತು ಫೋನಲ್ಲಿ ವಾಲ್ವು ತರ್ಸೋ ಹಾಗೆ ಮಾತಾಡಿ ನನ್ನತ್ರಾನೂ ಎಷ್ಟು ಚೆನ್ನಾಗಿ ಮುಚ್ಚಿಟ್ಟೆ ಮಾರಾಯ."

"ರೇ, ನೀನೇ ವಾಲ್ವು ತಂದಿದೀಯ. ನಿನ್ನ ಕೈಯಲ್ಲಿದೆ."

"ಹೌದೌದು," ಎಂದ ರೇ ನಗುತ್ತ.

ಎಮಿಲ್ ಆ ಪೆಟ್ಟಿಗೆಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೋಟೆಲಿಗೆ ಹೋದ. ಒಳಗೆ ಕಾಲಿಡಲು ಜಾಗ ಇರಲಿಲ್ಲ. ಬಂದರಿನವರು, ಅಂಚೆಯವರು, ಇಬ್ಬರು ಪಾದ್ರಿಗಳು, ಮಫ್ತಿಯಲ್ಲಿ ಫಿಂಚ್. ಕಿಟಕಿ ಪಕ್ಕದ ಮೇಜಿನಲ್ಲಿ ಅವನ ಕುರ್ಚಿಗೆ ಡಾಟ್ ದಿಂಬು ಹಾಕಿಟ್ಟಿದ್ದಳು. ಎಮಿಲ್ ಕೂರಲಿಲ್ಲ. ಪೆಟ್ಟಿಗೆ ಬಿಚ್ಚಿ, ಮುಷ್ಟಿ ಗಾತ್ರದ ಹಿತ್ತಾಳೆಯ ವಾಲ್ವನ್ನು ಮೇಜಿನ ನಡುವೆ ಇಟ್ಟ.

"ಇದು ಮೆರಿಕ್," ಎಂದ. "ನಾನು ಹೇಳಿದ್ದು ಇದನ್ನೇ. ಬಾಯ್ಲರಿಗೆ ಹಾಕೋದು. ಆ ಪಿಚರ್ ಯಾರು ಅಂತಾನೇ ನಂಗೆ ಗೊತ್ತಿಲ್ಲ. ಎಲ್ಬೋ ಅಂದದ್ದು ಪೈಪಿನ ಎಲ್ಬೋ. ತಪ್ಪಾಯ್ತು. ಇಷ್ಟೇ ವಿಷಯ."

ಗಸ್ ಮೇಜು ಗುದ್ದಿ ನಗಲು ಶುರುಮಾಡಿದ. "ನೋಡಿದ್ರಾ. ಕ್ಲಬ್ಬಿನೋರು ಇವನ ಬಾಯಿಗೆ ಬೀಗ ಹಾಕಿದಾರೆ. ಅದಕ್ಕೇ ಈ ನಾಟಕ. ಸಾಮಾನು ಸಮೇತ ಬಂದಿದಾನೆ."

"ಗಸ್, ದೇವರಾಣೆ. ಪೆಟ್ಟಿಗೆ ಮೇಲೆ ಬರೆದಿದೆ ನೋಡು."

"ಪೆಟ್ಟಿಗೇನೂ ಅಚ್ಚು ಹಾಕ್ಸಿದಾರೆ," ಎಂದ ಗಸ್ ಜನರ ಕಡೆ ತಿರುಗಿ. "ಅಂದ್ರೆ ವ್ಯವಹಾರ ಎಷ್ಟು ದೊಡ್ಡದಿರ್ಬೇಕು ಯೋಚಿಸಿ."

ಒಬ್ಬ ಪಾದ್ರಿ ವಾಲ್ವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಹಿಂದಿನವರಿಗೆ ದಾಟಿಸಿದ. ಅದು ಹೋಟೆಲಿನಲ್ಲಿ ಕೈಯಿಂದ ಕೈಗೆ ಸುತ್ತಿತು. ಇಬ್ಬರು ಅದರ ಜೊತೆ ಫೋಟೋ ತೆಗೆಸಿಕೊಂಡರು.

ಬೆವರ್ಲಿ ಮಾತ್ರ ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಓದಿದಳು. ಓದಿ ಕನ್ನಡಕ ತೆಗೆದಳು.

"ಎಮಿಲ್, ಅವತ್ತು ನೀನು ಹೇಳಿದ್ದೆಲ್ಲ ಇದರ ವಿಷಯಾನಾ?"

"ಹೂಂ."

"ಒತ್ತಡ ಇಲ್ದಾಗ ತೊಟ್ಟಿಕ್ಕಬಾರ್ದು ಅಂದದ್ದು?"

"ಇದೇ."

"ಬೆಲೆ ನೋಡಿ ತಗೋಬಾರ್ದು?"

"ಅದೂ ಇದೇ ಬೆವರ್ಲಿ. ನೂರಿಪ್ಪತ್ತು ಡಾಲರಿಂದು ಒಂದಿದೆ, ಎರಡು ವರ್ಷ ಬರಲ್ಲ."

ಅವಳು ನೋಟ್‌ಬುಕ್ ನೋಡಿದಳು, ವಾಲ್ವನ್ನು ನೋಡಿದಳು. "ಎರಡು ರಾತ್ರಿ ಕೂತು ಐವತ್ತು ಪಿಚರ್‌ಗಳಿಗೆ ಇದನ್ನ ಹಚ್ಚಿ ನೋಡಿದೀನಿ," ಎಂದಳು ಸುಸ್ತಾದ ದನಿಯಲ್ಲಿ. "ಲೆಕ್ಕ ಸರಿ ಬರತ್ತೆ. ಅದೇ ಬೇಜಾರು." ಆಮೇಲೆ ಎದ್ದು ನಿಂತು, ಕ್ಲಾಸಿನ ದನಿಯಲ್ಲಿ, "ಎಲ್ಲರೂ ಇಲ್ಲಿ ಕೇಳಿ, ಎಮಿಲ್ ಹೇಳ್ತಿರೋದು ನಿಜ..." ಎಂದು ಶುರುಮಾಡಿದಳು.

"ಬೆವರ್ಲಿ," ಎಂದ ಗಸ್, "ಆ ಕೆಚಪ್ ಈ ಕಡೆ ತಳ್ಳು."

ಗುರುವಾರ ಬೆಳಿಗ್ಗೆ ಸ್ಟೇಡಿಯಂ ಕಟ್ಟಡ ನೋಡಿಕೊಳ್ಳುವ ಮಿಸೆಸ್ ಓಡಮ್ ಫೋನು ಮಾಡಿದಳು. ಹದಿನಾರು ವರ್ಷದಲ್ಲಿ ಎಮಿಲ್ ಜೊತೆ ಬಿಸಿ ನೀರು, ತಣ್ಣೀರು ಬಿಟ್ಟು ಬೇರೆ ಮಾತಾಡದವಳು.

"ಈ ವರ್ಷ ಕಾಗದ ಬರಲ್ಲ ಎಮಿಲ್," ಎಂದಳು. "ಮೇಲಿಂದ ಹೇಳಿದಾರೆ. ಒಳಗಿನ ಮಾತು ಹೊರಗೆ ಸೋರ್ತಿದೆಯಂತೆ. ನಂಗೆ ಬೇರೇನೂ ಗೊತ್ತಿಲ್ಲ."

"ಅದು ವಾಲ್ವು ಮಿಸೆಸ್ ಓಡಮ್."

"ಯಾವ್ದು?"

"ಎಲ್ಲಾನೂ."

"ಎರಡನೇ ಬಾಯ್ಲರಿನ ಪಂಪು ಎಡಕ್ಕೆ ಸ್ವಲ್ಪ ತಟ್ಟಿದ್ರೆ ಶುರುವಾಗತ್ತೆ ಅಂತ ನೀವು ಹೇಳಿದ್ರಿ," ಎಂದಳು ಮಿಸೆಸ್ ಓಡಮ್. "ಹೊಸಬರಿಗೆ ಎಲ್ಲಿ ತಟ್ಬೇಕು ಅಂತ ಹೇಳ್ಲಿ?"

ಎಮಿಲ್ ಎಲ್ಲಿ ತಟ್ಟಬೇಕು ಎಂದು ಹೇಳಿಕೊಟ್ಟ. ಸುತ್ತಿಗೆಯಲ್ಲಲ್ಲ, ಅಂಗೈಯಲ್ಲಿ ಎಂದ. ಫೋನಿಟ್ಟು ಲೊರೈನ್‌ಗೆ ವಿಷಯ ತಿಳಿಸಿದ. ಅವಳು ಬೈಯಲಿಲ್ಲ. ಐಸಿನ ಚೀಲವನ್ನು ಫ್ರಿಜ್ಜಿನಿಂದ ತೆಗೆದು ತಂದುಕೊಟ್ಟಳು. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಶುಕ್ರವಾರ ಹೇಲ್ ಮನೆ. ಒಪ್ಪಿಕೊಂಡ ಕೆಲಸ ಒಪ್ಪಿಕೊಂಡದ್ದೇ. ಎಮಿಲ್ ನೆಲಮಾಳಿಗೆಯಲ್ಲಿ ಮಂಡಿಯೂರಿ, ಹಳೆಯ ವಾಲ್ವು ಬಿಚ್ಚಿ ಪಕ್ಕಕ್ಕಿಟ್ಟು, ಹೊಸದರ ತಿರುಪಿಗೆ ಬಿಳಿ ಟೇಪು ಸುತ್ತುತ್ತಿದ್ದ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹೇಲ್ ಬಂದು, ಕೋಟು ಹಾಕಿಕೊಂಡೇ ಕೊನೆಯ ಮೆಟ್ಟಿಲ ಮೇಲೆ ಕೂತರು. ನಾಲ್ಕು ದಿನದ ಗಡ್ಡ.

"ಹದಿನಾರು ವರ್ಷ ಎಮಿಲ್," ಎಂದರು. "ಈ ಮನೇಲಿ ನಾನು ಫೋನಲ್ಲಿ ಮಾತಾಡಿದ್ದು ಒಂದೂ ಆಚೆ ಹೋಗಿರ್ಲಿಲ್ಲ. ಮೆರಿಕ್ ವಿಷಯ ಗೊತ್ತಿದ್ದದ್ದು ನಂಗೆ, ನಮ್ಮ ಮಾಲೀಕರಿಗೆ, ಅವನ ಏಜೆಂಟಿಗೆ. ಮೂರೇ ಜನಕ್ಕೆ."

ಎಮಿಲ್‌ನ ಕೈ ನಿಂತಿತು. "ನೀವು ನಿಜವಾಗ್ಲೂ ಅವನನ್ನ ತಗೊಳ್ತಿದ್ರಾ?"

"ಎರಡು ಮಿಲಿಯನ್ನಿಗೆ. ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ ಅವನು. ನಮ್ಮವರು ಎಂಟು ತಿಂಗಳು ಹುಡುಕಿದ್ದು. ಸೋಮವಾರ ಸಹಿ ಆಗ್ಬೇಕಿತ್ತು, ಏಜೆಂಟು ಒಂದು ವಾರ ಕೇಳ್ದ. ಅಷ್ಟರಲ್ಲಿ ನೀವು ಅವನ ಮೊಣಕೈ ಹೋಗಿದೆ ಅಂದ್ರಿ. ಹಿತ್ತಾಳೆ ಅಂದ್ರಿ. ಸರಿಯಾಗಿದೆ ಅಂತ ತೋರ್ಸೋಕೆ ಅವನು ಬುಧವಾರ ಆರು ಊರಿನ ತಂಡದೋರನ್ನ ಕರೆದು ಅವರೆದುರು ಚೆಂಡು ಎಸೆದ. ಅಲ್ಲೀತನಕ ಯಾರೂ ಅವನನ್ನ ನೋಡಿರ್ಲಿಲ್ಲ. ನೋಡಿದ್ರು. ಅಲ್ಲೇ ಒಬ್ಬರು ಸಹಿ ಹಾಕ್ಸ್ಕೊಂಡ್ರು."

ಎಮಿಲ್ ಖಾಲಿ ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟ. ಹೇಲ್ ಓದಿದರು. ಮೆರಿಕ್. ರಿಲೀಫ್. ಮೂವತ್ತು. ತಿರುಗಿಸಿ ಹಿಂದೆಯೂ ಓದಿದರು. ತುಕ್ಕು ಹಿಡಿದ ಹಳೆಯ ಎಲ್ಬೋವನ್ನು, ಅದರ ಪಕ್ಕ ಮಿಂಚುತ್ತಿದ್ದ ಹಿತ್ತಾಳೆಯ ಹೊಸ ಎಲ್ಬೋವನ್ನು ಎಮಿಲ್ ಬೆರಳು ಮಾಡಿ ತೋರಿಸಿದ. ಭೂಮಿಯ ಮೇಲೆ ಹೆಸರುಗಳಿಗೆ ಇಷ್ಟೊಂದು ಬರ ಬರಬಾರದಿತ್ತು ಎಂದು ಇಬ್ಬರಿಗೂ ಅನ್ನಿಸಿರಬೇಕು.

"ಸ್ಟೇಡಿಯಂ ಕೆಲಸ ನಾನೇ ತಪ್ಪಿಸಿದ್ದು," ಎಂದರು ಹೇಲ್. "ಬೇರೆಯವರಿಗೆ ನಾಲ್ಕು ವರ್ಷಕ್ಕೆ ಬರ್ಕೊಟ್ಟಾಯ್ತು. ವಾಪಸ್ ತಗೋಬೇಕಾದ್ರೆ ಮಾಲೀಕರಿಗೆ ಇದನ್ನ ವಿವರಿಸ್ಬೇಕು." ಅವರು ಪೆಟ್ಟಿಗೆಯನ್ನು ಎತ್ತಿ ತೋರಿಸಿದರು. "ನಂಬ್ತಾರಾ?"

"ನಂಬಲ್ಲ," ಎಂದ ಎಮಿಲ್. "ನಾನು ಹೇಳಿ ನೋಡಿದೀನಿ."

"ಕ್ವಿಲ್‌ನ ತಗೊಂಡ್ವಿ," ಎಂದರು ಹೇಲ್. "ಹದಿನೆಂಟು ಮಿಲಿಯನ್. ಸಂಜೆ ಪತ್ರಿಕೆಯವರಿಗೆ ಹೇಳ್ಬೇಕು. ನಿಮ್ಮ ಅಭಿಪ್ರಾಯ ಏನು?"

ಹನ್ನೊಂದು ವರ್ಷದಲ್ಲಿ ಅವನ ಅಭಿಪ್ರಾಯವನ್ನು ತಾವಾಗಿ ಕೇಳಿದ ಎರಡನೆಯವರು ಇವರು. ಎಮಿಲ್ ವಾಲ್ವು ಕೂರಿಸಿ, ಕೊನೆಯ ಸುತ್ತು ಬಿಗಿ ಮಾಡಿದ. ನೀರು ತುಂಬಿ ಉರಿ ಹಚ್ಚಿದ. ಒತ್ತಡದ ಮುಳ್ಳು ಮೆಲ್ಲಗೆ ಏರಿತು. ಇಬ್ಬರೂ ವಾಲ್ವಿನ ಬಾಯಿಯನ್ನೇ ನೋಡುತ್ತ ಕಾದರು.

"ಅವನು ಬುಲ್‌ಪೆನ್ನಿಂದ ನಡ್ಕೊಂಡು ಬರೋವಾಗ ನೋಡಿ," ಎಂದ ಎಮಿಲ್. "ಕ್ವಿಲ್ ಬಾಯಲ್ಲಿ ಉಸಿರು ತಗೊಳ್ತಾನೆ. ಹೆದರಿದೋರು ಹಾಗೆ ಮಾಡೋದು."

ಹೇಲ್ ತಲೆಯಾಡಿಸಿದರು. ಎದ್ದು ಮೆಟ್ಟಿಲು ಹತ್ತಿ, ನೂರ ಐವತ್ತೆಂಟು ಡಾಲರನ್ನೂ ಎಲ್ಬೋದ ಒಂಬತ್ತನ್ನೂ ನಗದಾಗಿ ತಂದುಕೊಟ್ಟರು.

ಏಪ್ರಿಲ್‌ನಲ್ಲಿ ಕ್ವಿಲ್ ಒಂಬತ್ತು ಸಲ ಗೆಲುವು ಕಾಯಲು ಬಂದು ಐದು ಸಲ ಕೈಬಿಟ್ಟ. ಜುಲೈನಲ್ಲಿ ಕೋಲ್ ಮೆರಿಕ್ ಬೇರೆ ಊರಿನ ಅಂಗಿ ತೊಟ್ಟು ಪೋರ್ಟ್ ಆರ್ಡನ್‌ಗೆ ಬಂದ. ಒಂಬತ್ತನೇ ಇನಿಂಗ್ಸ್‌ನಲ್ಲಿ ಡ್ರೆಜರ್ಸ್‌ನ ಮೂವರನ್ನು ಹನ್ನೊಂದು ಎಸೆತದಲ್ಲಿ ಔಟ್ ಮಾಡಿ ಕಳಿಸಿ, ಯಾರ ಮುಖವನ್ನೂ ನೋಡದೆ ಹೋದ. ಹಿತ್ತಾಳೆ ಚೆನ್ನಾಗಿ ಕೂತಿದೆ ಎಂದು ಮಿಸೆಸ್ ಟೋಬಿಯಾಸ್ ಇಂದಿಗೂ ಹೇಳುತ್ತಾಳೆ. ಗಸ್ ಪ್ರಕಾರ ಎಮಿಲ್‌ಗೆ ಸಿಕ್ಕಿದ ಸುದ್ದಿ ನಿಜವೇ ಆಗಿತ್ತು, ಯಾರೋ ರೇಡಿಯೋದಲ್ಲಿ ಬಾಯಿ ಬಿಟ್ಟು ಕೆಡಿಸಿದರು. ಯಾರು ಎಂದು ಅವನು ಇನ್ನೂ ಹುಡುಕುತ್ತಿದ್ದಾನೆ. ಕಿಟಕಿ ಪಕ್ಕದ ಮೇಜಿನಲ್ಲಿ ಕೆಚಪ್ ಬಾಟಲಿಯನ್ನು ಈಗ ಬೆವರ್ಲಿ ನಡುವೆ ಇಡುತ್ತಾಳೆ, ಯಾರಿಗೆ ಬೇಕೋ ಅವರೇ ಕೈ ಚಾಚಬೇಕು. ಆದರೆ ಎಮಿಲ್ ಆ ಮೇಜಿಗೆ ಬರುವುದು ಭಾನುವಾರ ಮಾತ್ರ. ಉಳಿದ ಆರು ದಿನ ನೆಲಮಾಳಿಗೆಗಳಿವೆ.

ಅವನು ಕಳೆದುಕೊಂಡದ್ದು ಮೂರು ಬಾಯ್ಲರ್, ಒಂದು ಬೆಂಚು, ನೆಟ್ಟಗೆ ನಿಲ್ಲುವಷ್ಟು ಎತ್ತರದ ಚಾವಣಿ. ಗಳಿಸಿದ್ದು ಅರ್ಧ ತುಂಡು ಚೆರ್ರಿ ಪೈ, ಮತ್ತು ಮುಗಿದ ಒಂದು ವಾಕ್ಯ. ಹೇಲ್ ಮನೆಯ ವಾಲ್ವು ಇದುವರೆಗೆ ಒಂದು ಹನಿಯೂ ಸೋರಿಲ್ಲ.